ಗೇಮ್ ಕಂಪನಿ ಇಂಟರ್‌ವ್ಯೂ ತಯಾರಿ: ಶತ್ರುವಿಗೆ ಪ್ಲೇಯರ್ ಕಾಣುತ್ತಾನಾ?

ಗೇಮ್‌ಪ್ಲೇ ಪ್ರೋಗ್ರಾಮರ್ ಕೆಲಸಕ್ಕೆ ಓದುತ್ತಿರುವವರಿಗೆ ಈ ಟಿಪ್ಪಣಿ. ಅರೇ, ಹ್ಯಾಶ್ ಟೇಬಲ್, ಟ್ರೀ ಎಲ್ಲಾ ಕಡೆ ಕೇಳುವಂಥವೇ, ಅವನ್ನು ಬಿಡುತ್ತೇನೆ. ಇಲ್ಲಿ ಜಾಸ್ತಿ ಬೇಕಾಗುವುದು ಸಿ ಪ್ಲಸ್ ಪ್ಲಸ್ ಮೆಮೊರಿ ಮತ್ತು ವೆಕ್ಟರ್ ಗಣಿತ. ಪಿಯುಸಿಯಲ್ಲಿ ಸುಮ್ನೆ ಲೆಕ್ಕ ಬಿಡಿಸಿದ್ದ ಡಾಟ್ ಪ್ರಾಡಕ್ಟ್ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ ಇದು. ಶತ್ರು (0,0)ಯಲ್ಲಿ ನಿಂತು (1,0) ದಿಕ್ಕಿಗೆ ನೋಡುತ್ತಿದ್ದಾನೆ. ಅವನ ನೋಟದ ಅಗಲ 90 ಡಿಗ್ರಿ. ಪ್ಲೇಯರ್ (4,3)ರಲ್ಲಿದ್ದರೆ ಕಾಣುತ್ತಾನಾ?

ದೂರ 5. ಪ್ಲೇಯರ್ ಕಡೆಗಿನ ಯೂನಿಟ್ ವೆಕ್ಟರ್, ಅಂದರೆ ಉದ್ದ 1 ಇರುವ ವೆಕ್ಟರ್, (0.8, 0.6). ನೋಟದ ದಿಕ್ಕಿನ ಜೊತೆ ಡಾಟ್ ಮಾಡಿದರೆ (x ಗೆ x, y ಗೆ y ಗುಣಿಸಿ ಕೂಡಿದರೆ) 0.8. ಎರಡರ ಉದ್ದವೂ 1 ಆದ್ದರಿಂದ ಇದೇ ನಡುವಿನ ಕೋನದ ಕೊಸೈನ್. ಈಗ ಇದನ್ನು ಯಾವುದಕ್ಕೆ ಹೋಲಿಸಬೇಕು? 90ರ ಕೊಸೈನ್‌ಗೆ ಅಲ್ಲ, 45ರ ಕೊಸೈನ್‌ಗೆ. ನೋಟ ಎಡಕ್ಕೆ 45, ಬಲಕ್ಕೆ 45 ಹರಡಿರುತ್ತದೆ, ಅಲ್ವಾ? 90ರ ಕೊಸೈನ್ ಸೊನ್ನೆ. ಅದನ್ನು ಹಾಕಿದರೆ ಶತ್ರುವಿನ ಮುಂದಿರುವ 180 ಡಿಗ್ರಿ ಪೂರ್ತಿ ಕಂಡುಬಿಡುತ್ತದೆ.

45ರ ಕೊಸೈನ್ ಸುಮಾರು 0.707. ಕೋನ ಚಿಕ್ಕದಾದಷ್ಟೂ ಕೊಸೈನ್ ದೊಡ್ಡದಾಗುತ್ತದೆ. ಹಾಗಾಗಿ ಡಾಟ್ 0.707ಕ್ಕಿಂತ ಜಾಸ್ತಿ ಇದ್ದರೆ ಕಾಣುತ್ತಾನೆ. 0.8 ಜಾಸ್ತಿ, ಸರಿ. ಪ್ಲೇಯರ್ (3,4)ಕ್ಕೆ ಸರಿದರೆ ಡಾಟ್ 0.6, ಕಾಣುವುದಿಲ್ಲ. ಕೋನವನ್ನೇ ಕಂಡುಹಿಡಿಯುವ ಅಗತ್ಯವಿಲ್ಲ.

ಆಮೇಲೆ ಬರುವ ಪ್ರಶ್ನೆ: ದೂರ ಕಂಡುಹಿಡಿಯಲು ಬೇಕಾದ ವರ್ಗಮೂಲ ಇಲ್ಲದೆ ಮಾಡ್ತೀರಾ? ಎರಡೂ ಕಡೆ ವರ್ಗ ಮಾಡಿ. ಯೂನಿಟ್ ಮಾಡದೆ ಸಿಗುವ ಡಾಟ್ 4, ಅದರ ವರ್ಗ 16. ಇನ್ನೊಂದು ಕಡೆ 0.5 (45ರ ಕೊಸೈನ್‌ನ ವರ್ಗ) ಗುಣಿಸು 25 (ದೂರದ ವರ್ಗ), ಅಂದರೆ 12.5. 16 ದೊಡ್ಡದು, ಕಾಣುತ್ತಾನೆ. ನನಗೆ ತುಂಬಾ ಇಷ್ಟವಾದ ದಾರಿ ಇದು. ಆದರೆ ಪ್ಲೇಯರ್‌ನನ್ನು (-4,3)ರಲ್ಲಿ, ಅಂದರೆ ಶತ್ರುವಿನ ಬೆನ್ನ ಹಿಂದೆ ಇಟ್ಟು ನೋಡಿ. ಡಾಟ್ -4, ವರ್ಗ ಮತ್ತೆ 16! ಮೈನಸ್ ಚಿಹ್ನೆ ಅಳಿಸಿಹೋಯಿತು, ಶತ್ರುವಿಗೆ ಬೆನ್ನಲ್ಲೂ ಕಣ್ಣು ಬಂತು. ಅದಕ್ಕೇ ಮೊದಲು ಡಾಟ್ ಸೊನ್ನೆಗಿಂತ ಜಾಸ್ತಿ ಇದೆಯಾ ನೋಡಿ, ಆಮೇಲೆ ವರ್ಗ ಮಾಡಿ. ಒಟ್ಟು ನೋಟ 180 ಡಿಗ್ರಿಗಿಂತ ಕಡಿಮೆ ಇದ್ದಾಗ ಮಾತ್ರ ಇಷ್ಟು ಸಾಕು.

ಇಷ್ಟೊಂದು ಜಿಪುಣತನ ಯಾಕೆ ಅಂದರೆ, ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದು ಫ್ರೇಮ್‌ಗೆ ಸಿಗುವುದು 16.67 ಮಿಲಿಸೆಕೆಂಡ್. ಚಿತ್ರ, ಫಿಸಿಕ್ಸ್, ಸೌಂಡ್ ಎಲ್ಲಾ ಅದರೊಳಗೇ ಮುಗಿಯಬೇಕು. ಲಿಂಕ್ಡ್ ಲಿಸ್ಟ್ ಬಿಟ್ಟು ಅರೇ ಬಳಸುವುದಕ್ಕೂ ಇದೇ ಕಾರಣ. ಪಕ್ಕಪಕ್ಕದ ಡೇಟಾ ಕ್ಯಾಶ್‌ಗೆ, ಅಂದರೆ ಪ್ರೊಸೆಸರ್‌ನ ವೇಗದ ಚಿಕ್ಕ ಮೆಮೊರಿಗೆ, ಒಟ್ಟಿಗೆ ಬರುತ್ತದೆ. ಸಿ ಪ್ಲಸ್ ಪ್ಲಸ್‌ನ ವರ್ಚುವಲ್ ಫಂಕ್ಷನ್, ಸ್ಮಾರ್ಟ್ ಪಾಯಿಂಟರ್ ಕೂಡ ಓದಿಕೊಳ್ಳಿ.

ನಡುವೆ ಗೋಡೆ ಇದ್ದರೆ ಅಂತಲೂ ಕೇಳಬಹುದು. ಆಗ ರೇಕಾಸ್ಟ್ ಬೇಕು, ಅಂದರೆ ಶತ್ರುವಿನಿಂದ ಪ್ಲೇಯರ್‌ವರೆಗೆ ಒಂದು ಗೆರೆ ಎಳೆದು ಅಡ್ಡ ಏನಾದರೂ ಇದೆಯಾ ನೋಡುವುದು. ಆದರೆ ಅದಕ್ಕೆ ಸಮಯ ಜಾಸ್ತಿ ಬೇಕು. ಮೊದಲು ದೂರ, ಆಮೇಲೆ ಕೋನ, ಇವೆರಡನ್ನೂ ದಾಟಿದವರಿಗೆ ಮಾತ್ರ ರೇಕಾಸ್ಟ್ ಮಾಡಿ.