ಗೋ ಭಾಷೆ: ಕಂಪೈಲರ್ ಕೊಡುವ ವೇಗ, ನಾವು ಉಳಿಸಬೇಕಾದ ಮೆಮೊರಿ

ಕಾಲೇಜಿನಲ್ಲಿ ಸಿ, ಜಾವಾ ಓದಿಕೊಂಡು ಈಗ ಗೋ ಕಡೆಗೆ ಬರುತ್ತಿರುವ ಮೈಸೂರು, ಮಂಡ್ಯದ ಗೆಳೆಯರಿಗಾಗಿ ಈ ಟಿಪ್ಪಣಿ. ಗೋ ಪ್ರೋಗ್ರಾಮಿಗೆ ವೇಗ ಎರಡು ಕಡೆಯಿಂದ ಬರುತ್ತದೆ. ಒಂದು, ಹೊಸ ಆವೃತ್ತಿ ಹಾಕಿಕೊಂಡು ಮತ್ತೆ ಬಿಲ್ಡ್ ಮಾಡಿದರೆ ಸಾಕು, ತಾನಾಗಿ ಸಿಗುತ್ತದೆ. ಇನ್ನೊಂದು ನಾವು ಮೆಮೊರಿಯನ್ನು ಹೇಗೆ ಬಳಸುತ್ತೇವೆ ಎನ್ನುವುದರ ಮೇಲೆ ನಿಂತಿದೆ. ಹೆಚ್ಚಿನ ಓದು ಬೇಡುವುದು ಈ ಎರಡನೆಯದೇ.

ತಾನಾಗಿ ಸಿಗುವುದನ್ನು ಬೇಗ ಮುಗಿಸೋಣ. 2021ರ 1.17 ಆವೃತ್ತಿಯಲ್ಲಿ ಫಂಕ್ಷನ್ ಆರ್ಗ್ಯುಮೆಂಟುಗಳು ಮೆಮೊರಿಯ ಸ್ಟ್ಯಾಕ್ ಬಿಟ್ಟು ಸಿಪಿಯು ಒಳಗಿನ ರಿಜಿಸ್ಟರುಗಳ ಮೂಲಕ ಹೋಗತೊಡಗಿದವು. ಸುಮಾರು 5% ವೇಗ ಹೆಚ್ಚಿತು. 2025ರ 1.24ರಲ್ಲಿ ಮ್ಯಾಪ್‌ಗಳ ಒಳರಚನೆ ಸ್ವಿಸ್ ಟೇಬಲ್ ಎಂಬ ವೇಗದ ಹ್ಯಾಶ್ ಟೇಬಲ್ ವಿನ್ಯಾಸಕ್ಕೆ ಬದಲಾಯಿತು. 2022ರ 1.18ರಲ್ಲಿ ಬಂದ ಜೆನೆರಿಕ್ಸ್ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಪಾಯಿಂಟರ್ ಟೈಪುಗಳಿಗೆಲ್ಲ ಕಂಪೈಲರ್ ಒಂದೇ ಕೋಡನ್ನು ಹಂಚುತ್ತದೆ, ಆ ಕೋಡು ಓಡುವಾಗ ಮೆಥಡ್ ವಿಳಾಸವನ್ನು ಡಿಕ್ಷನರಿ ಎಂಬ ಪಟ್ಟಿಯಲ್ಲಿ ಹುಡುಕಬೇಕಾಗುತ್ತದೆ. ಹಾಗಾಗಿ ವೇಗಕ್ಕೆಂದು ಇಂಟರ್‌ಫೇಸನ್ನು ಜೆನೆರಿಕ್ ಮಾಡಿದರೆ ನಿರಾಸೆಯಾಗಬಹುದು. ಒಂದೇ ಕೋಡನ್ನು ಮತ್ತೆ ಮತ್ತೆ ಬರೆಯುವುದು ತಪ್ಪಲಿ ಎಂದು ಬಳಸಿ.

ಈಗ ಮೆಮೊರಿ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ಗಂಟೆಗೊಮ್ಮೆ ದಾಖಲಿಸುವ ಸ್ಟ್ರಕ್ಟ್ ಬರೆಯುತ್ತೇವೆ ಎಂದುಕೊಳ್ಳಿ. ಮೊದಲು 'ಗೇಟ್ ತೆರೆದಿದೆಯೇ' ಎಂಬ ಬೂಲ್, ಆಮೇಲೆ 124.80 ಅಡಿ ಎಂಬಂಥ ಮಟ್ಟಕ್ಕೆ ಫ್ಲೋಟ್64, ಕೊನೆಗೆ 'ಪರಿಶೀಲನೆ ಆಗಿದೆಯೇ' ಎಂಬ ಇನ್ನೊಂದು ಬೂಲ್. ನಿಜವಾದ ಮಾಹಿತಿ 10 ಬೈಟ್. ಆದರೆ 64 ಬಿಟ್ ಯಂತ್ರದಲ್ಲಿ ಫ್ಲೋಟ್64 ಎಂಟರ ಗುಣಕದ ವಿಳಾಸದಲ್ಲೇ ಕೂರಬೇಕು. ಮೊದಲ ಬೂಲ್ ಆದಮೇಲೆ 7 ಬೈಟ್ ಖಾಲಿ, ಕೊನೆಯದರ ನಂತರ ಮತ್ತೆ 7 ಖಾಲಿ, ಒಟ್ಟು 24. ಫ್ಲೋಟ್64 ಅನ್ನು ಮೇಲಕ್ಕೆ ತಂದು ಎರಡೂ ಬೂಲ್‌ಗಳನ್ನು ಕೆಳಗೆ ಒಟ್ಟಿಗೆ ಇಟ್ಟರೆ 16ಕ್ಕೆ ಇಳಿಯುತ್ತದೆ. ಗೋ ಕಂಪೈಲರ್ ಫೀಲ್ಡುಗಳ ಕ್ರಮವನ್ನು ತಾನಾಗಿ ಬದಲಿಸುವುದಿಲ್ಲ. 10 ಲಕ್ಷ ದಾಖಲೆಗಳಿದ್ದರೆ 80 ಲಕ್ಷ ಬೈಟ್ ಉಳಿತಾಯ, ಅದೂ ಒಂದು ಸಾಲನ್ನು ಮೇಲಕ್ಕೆ ಸರಿಸಿದ್ದಕ್ಕೆ!

ಒಂದು ವರ್ಷಕ್ಕೆ ಇಂಥ ದಾಖಲೆಗಳು 8,760. ಖಾಲಿ ಸ್ಲೈಸಿಗೆ (ಬೇಕಾದಂತೆ ಬೆಳೆಯುವ ಗೋ ಪಟ್ಟಿ) ಅಪೆಂಡ್ ಮಾಡುತ್ತಾ, ಅಂದರೆ ಕೊನೆಗೆ ಸೇರಿಸುತ್ತಾ ಹೋದರೆ ಜಾಗ ತುಂಬಿದಾಗಲೆಲ್ಲ ದೊಡ್ಡ ಅರೇ ಹುಟ್ಟುತ್ತದೆ, ಹಳೆಯದೆಲ್ಲ ಅದಕ್ಕೆ ನಕಲಾಗುತ್ತದೆ. ಸಣ್ಣ ಸ್ಲೈಸುಗಳು ದುಪ್ಪಟ್ಟಾಗುತ್ತವೆ, 256 ದಾಟಿದಮೇಲೆ ಬೆಳೆಯುವ ಪ್ರಮಾಣ ನಿಧಾನವಾಗಿ 1.25 ಪಟ್ಟಿನ ಕಡೆಗೆ ಇಳಿಯುತ್ತದೆ. ಎಷ್ಟು ಬೇಕೆಂದು ಮೊದಲೇ ಗೊತ್ತಿದ್ದರೆ ಸ್ಲೈಸ್ ಸೃಷ್ಟಿಸುವ ಮೇಕ್‌ನಲ್ಲಿ ಉದ್ದ 0, ಸಾಮರ್ಥ್ಯ 8,760 ಎಂದು ಕೊಡಿ. ಒಂದೇ ಸಲಕ್ಕೆ ಮುಗಿಯುತ್ತದೆ. ಉದ್ದದ ಜಾಗದಲ್ಲೇ 8,760 ಬರೆದು ಅಪೆಂಡ್ ಮಾಡುವುದು ತುಂಬ ಸಾಮಾನ್ಯವಾದ ತಪ್ಪು: ಮುಂದೆ ಅಷ್ಟೂ ಸೊನ್ನೆ ದಾಖಲೆಗಳು ನಿಂತು ಸರಾಸರಿ ಮಟ್ಟ ಅರ್ಧಕ್ಕೆ ಬೀಳುತ್ತದೆ. ಇನ್ನೊಂದು ಎಚ್ಚರಿಕೆ: ಕೊನೆಯ 10 ದಾಖಲೆಗಳನ್ನಷ್ಟೇ ಕತ್ತರಿಸಿ ಇಟ್ಟುಕೊಂಡರೂ ಹಿಂದಿನ ಇಡೀ ಅರೇ ಮೆಮೊರಿಯಲ್ಲೇ ಉಳಿಯುತ್ತದೆ. ಸ್ಲೈಸಸ್ ಪ್ಯಾಕೇಜಿನ ಕ್ಲೋನ್ ಬಳಸಿ ನಕಲು ಮಾಡಿಕೊಳ್ಳಿ.

ಯಾವ ವೇರಿಯೆಬಲ್ ಸ್ಟ್ಯಾಕಿನಲ್ಲಿ ಉಳಿಯಿತು, ಯಾವುದು ಹೀಪಿಗೆ (ಫಂಕ್ಷನ್ ಮುಗಿದ ಮೇಲೂ ಉಳಿಯುವ ಮೆಮೊರಿ) ಹೋಯಿತು ಎಂದು ಊಹಿಸಬೇಡಿ. ಬಿಲ್ಡ್ ಮಾಡುವಾಗ ಜಿಸಿಫ್ಲ್ಯಾಗ್ಸ್ ಎಂಬ ಆಯ್ಕೆಗೆ ಮೈನಸ್ ಎಂ (-gcflags=-m) ಕೊಟ್ಟರೆ ಕಂಪೈಲರೇ ಸಾಲಿನ ಸಂಖ್ಯೆ ಸಮೇತ 'ಮೂವ್ಡ್ ಟು ಹೀಪ್' ಎಂದು ತಿಳಿಸುತ್ತದೆ. ಫಂಕ್ಷನ್ನಿನೊಳಗಿನ ವೇರಿಯೆಬಲ್ಲಿನ ಪಾಯಿಂಟರನ್ನು ಹೊರಗೆ ಕೊಟ್ಟರೆ ಸಾಮಾನ್ಯವಾಗಿ ಅದು ಹೀಪಿಗೇ ಹೋಗುತ್ತದೆ. 16 ಬೈಟಿನ ಸ್ಟ್ರಕ್ಟನ್ನು ಪಾಯಿಂಟರ್ ಬದಲು ನೇರ ಮೌಲ್ಯವಾಗಿ ಹಿಂದಿರುಗಿಸುವುದು ಎಷ್ಟೋ ಸಲ ಅಗ್ಗ.

ಬದಲಾವಣೆಯಿಂದ ಲಾಭವಾಯಿತೇ ಎಂಬುದನ್ನು ಗೋ ಟೆಸ್ಟಿನ ಬೆಂಚ್ (ವೇಗ ಅಳೆಯುವ ಆಯ್ಕೆ) ಹೇಳಬೇಕು. ಮೆಮೊರಿ ಬಳಕೆಯನ್ನೂ ತೋರಿಸುವ ಬೆಂಚ್‌ಮೆಮ್ ಸೇರಿಸಿ, ಹತ್ತು ಸಲ ಓಡಲೆಂದು ಕೌಂಟ್ 10 ಕೊಟ್ಟು, ಹಳೆಯ ಮತ್ತು ಹೊಸ ಫಲಿತಾಂಶಗಳನ್ನು ಬೆಂಚ್‌ಸ್ಟ್ಯಾಟ್ ಎಂಬ ಉಪಕರಣದಲ್ಲಿ ಹೋಲಿಸಿ. ಅದು ಅಲೆಯ ಗುರುತು (~) ತೋರಿಸಿದರೆ ವ್ಯತ್ಯಾಸ ಇದೆಯೆಂದು ಹೇಳಲು ಆಧಾರವಿಲ್ಲ. ಮಧ್ಯೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಿದ್ದರೆ ಸಿಪಿಯು ವೇಗ ಇಳಿಯಬಹುದು. ಆ ಅಂಕಿಗಳನ್ನು ಬಿಟ್ಟು ಮತ್ತೆ ಓಡಿಸಿ.

ಪ್ರೊಫೈಲ್, ಅಂದರೆ ಯಾವ ಫಂಕ್ಷನ್ ಎಷ್ಟು ಸಿಪಿಯು ಸಮಯ ತಿಂದಿತು ಎಂಬ ದಾಖಲೆ, ನೋಡಿ ಕಂಪೈಲ್ ಮಾಡುವ ಪಿಜಿಒ 2023ರ 1.21ರಿಂದ ಎಲ್ಲರ ಬಳಕೆಗೆ ಸಿದ್ಧವಾಯಿತು. ನಿಜವಾದ ಕೆಲಸ ನಡೆಯುತ್ತಿರುವ ಸರ್ವರಿನಿಂದ ಗೋ ಜೊತೆಗೇ ಬರುವ ಪಿಪ್ರೊಫ್ ಮೂಲಕ 30 ಸೆಕೆಂಡಿನ ಸಿಪಿಯು ಪ್ರೊಫೈಲ್ ತೆಗೆದು, ಡೀಫಾಲ್ಟ್ ಡಾಟ್ ಪಿಜಿಒ ಎಂದು ಹೆಸರಿಟ್ಟು, ಮೇನ್ ಪ್ಯಾಕೇಜಿನ ಫೋಲ್ಡರಿನಲ್ಲಿ ಹಾಕಿ ಬಿಲ್ಡ್ ಮಾಡಿ. ಆ ಆವೃತ್ತಿಯಲ್ಲಿ ಗೋ ತಂಡ ಹೇಳಿದ ಲಾಭ 2ರಿಂದ 7%. ಕಂಪೈಲರ್ ಹೆಚ್ಚು ಓಡುವ ಫಂಕ್ಷನ್ನುಗಳನ್ನು ಗುರುತಿಸಿ, ಕರೆದ ಜಾಗದಲ್ಲೇ ಬಿಡಿಸಿ ಸೇರಿಸುತ್ತದೆ. ಫೈಲ್ ಬೇರೆ ಫೋಲ್ಡರಿನಲ್ಲಿದ್ದರೆ ಎರರ್ ಏನೂ ಬರುವುದಿಲ್ಲ, ಲಾಭವೂ ಬರುವುದಿಲ್ಲ.

ಆವೃತ್ತಿ ಬದಲಿಸುವಾಗ ಪ್ರಾಜೆಕ್ಟಿನ ಗೋ ಡಾಟ್ ಮಾಡ್ ಫೈಲಿನಲ್ಲಿ ಆವೃತ್ತಿ ಹೇಳುವ ಗೋ ಸಾಲನ್ನೂ ನೋಡಿ. 1.22ರಿಂದ ಫಾರ್ ಲೂಪಿನ ಪ್ರತಿ ಸುತ್ತಿಗೂ ಹೊಸ ವೇರಿಯೆಬಲ್ ಸಿಗುತ್ತದೆ. ಆದರೆ ಆ ಸಾಲಿನಲ್ಲಿ 1.21 ಎಂದೇ ಇದ್ದರೆ ಹೊಸ ಕಂಪೈಲರ್ ಕೂಡ ಹಳೆಯ ರೀತಿಯಲ್ಲೇ ನಡೆದುಕೊಳ್ಳುತ್ತದೆ, ಲೂಪಿನೊಳಗೆ ಶುರುಮಾಡಿದ ಗೋರುಟೀನುಗಳೆಲ್ಲ (ಜೊತೆಜೊತೆಗೆ ಓಡುವ ಕೆಲಸಗಳು) ಕೊನೆಯ ದಾಖಲೆಯನ್ನೇ ಮುದ್ರಿಸಬಹುದು.