ಬಡವರಿಗೇ ಕಾಯಿಲೆ ಜಾಸ್ತಿ ಯಾಕೆ? ಬ್ಲ್ಯಾಕ್ ವರದಿಯಿಂದ ಹುಬ್ಬಳ್ಳಿಯ ನಲ್ಲಿಯವರೆಗೆ

ಬ್ಲ್ಯಾಕ್ ವರದಿ ಅಂದರೆ ಬಡವ-ಶ್ರೀಮಂತರ ಆರೋಗ್ಯದ ಅಂತರದ ಬಗ್ಗೆ ಬ್ರಿಟನ್ನಿನ ಸರಕಾರ ನೇಮಿಸಿದ ಸಮಿತಿ ಕೊಟ್ಟ ವರದಿ. ಪರೀಕ್ಷೆಯಲ್ಲಿ ಅದರ ಹೆಸರು ಬಂದ ಕೂಡಲೇ ನಾವು ನಾಲ್ಕು ವಿವರಣೆ ಬರೆದು ಮುಗಿಸುತ್ತೇವೆ. ಅವುಗಳ ನಡುವಿನ ಜಗಳ ಬಿಟ್ಟೇ ಹೋಗುತ್ತದೆ. ಬ್ರಿಟನ್‌ನಲ್ಲಿ 1948ರಿಂದ ಎಲ್ಲರಿಗೂ ಸರಕಾರಿ ಚಿಕಿತ್ಸೆ ಇತ್ತು. ಆದರೂ ಕೂಲಿ ಮಾಡುವವರೇ ಬೇಗ ಸಾಯುತ್ತಿದ್ದರು. ಯಾಕೆ ಅಂತ 1980ರ ಈ ವರದಿ ಕೇಳಿತು. ಲೆಕ್ಕವೇ ತಪ್ಪಿರಬಹುದಾ? ಕಾಯಿಲೆ ಬಿದ್ದವರು ಬಡವರಾದರಾ? ಚಟ ಕಾರಣವಾ? ಇಲ್ಲಾ ಮನೆ, ಕೂಲಿ, ಕೆಲಸದ ಸ್ಥಿತಿಯಾ? ವರದಿ ಹೆಚ್ಚು ಒತ್ತು ಕೊಟ್ಟಿದ್ದು ಕೊನೆಯದಕ್ಕೆ.

ಎರಡನೆಯದು ಪೂರ್ತಿ ಸುಳ್ಳಲ್ಲ. ಆಸ್ಪತ್ರೆ ಖರ್ಚಿಗೆ ಹೊಲ ಮಾರಿದ ಮನೆಗಳು ನಮ್ಮ ಕಡೆ ಕಡಿಮೆಯಾ? ಆದರೆ ಬಡವರ ಕೂಸುಗಳೂ ಹೆಚ್ಚು ಸಾಯುತ್ತವೆ. ಹುಟ್ಟಿದ ಕೂಸಿನ ಕಾಯಿಲೆಯಿಂದ ಮನೆ ಮೊದಲೇ ಬಡವಾಗಿರಲು ಸಾಧ್ಯವಿಲ್ಲ ಅಲ್ವಾ?

ಚಟದ ವಾದಕ್ಕೆ ಪೆಟ್ಟು ಕೊಟ್ಟಿದ್ದು 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ. ಲಂಡನ್ನಿನ ಸರಕಾರಿ ನೌಕರರಲ್ಲಿ ಕೆಳದರ್ಜೆಯವರು ಹೃದ್ರೋಗದಿಂದ ಸಾಯುವುದು ಮೇಲಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕಕ್ಕೆ ತಗೊಂಡರೂ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು. ಇವರ್ಯಾರೂ ಹೊಟ್ಟೆಗಿಲ್ಲದವರಲ್ಲ. ಹಾಗಾಗಿ ಈ ಅಧ್ಯಯನದ ಸಂಶೋಧಕ ಮೈಕೆಲ್ ಮಾರ್ಮಟ್‌ರಂಥವರು ಕೆಲಸದ ಮೇಲೆ ಹಿಡಿತವಿಲ್ಲದಿರುವುದು, ಅದರ ಒತ್ತಡ ಇವುಗಳ ಕಡೆ ಬೆರಳು ತೋರಿಸಿದರು. ಮನಸ್ಸಿನ ಮಾತು ಆಮೇಲೆ, ಮೊದಲು ನೀರು, ಮನೆ, ಕೂಲಿ ನೋಡಿ ಅಂತ ಇನ್ನೊಂದು ಬಣ ವಾದಿಸಿತು. ನನಗೆ ಇವರ ಮಾತೇ ನಮ್ಮೂರಿಗೆ ಹತ್ತಿರ ಅನಿಸುತ್ತದೆ.

ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡ್‌ಗಳಿಗೆ 24 ಗಂಟೆ ನೀರು ಬಂತು. ಉಳಿದವರು ನೀರು ಬಿಡೋ ದಿನಕ್ಕೆ ಕಾಯುತ್ತಲೇ ಇದ್ದರು. 2010-11ರಲ್ಲಿ ಸಂಶೋಧಕರು ಎರಡೂ ಕಡೆ, ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳನ್ನು ಹೋಲಿಸಿದರು. ಒಟ್ಟಾರೆ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ 24 ಗಂಟೆ ನೀರಿದ್ದ ಕಡೆ, ಕಡಿಮೆ ಆದಾಯದ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು. ಟೈಫಾಯಿಡ್ ಬಂದ ಮನೆಗಳೂ ಕಡಿಮೆ.

ಯಾಕಿರಬಹುದು? ನೀರು ನಿಂತಾಗ ಪೈಪಿನ ಒತ್ತಡ ಇಳಿದು, ಸೋರುವ ಕಡೆಯಿಂದ ಹೊಲಸು ಒಳಗೆ ಬರುತ್ತದೆ. ಆಮೇಲೆ ಅದೇ ನೀರು ಬ್ಯಾರಲ್‌ನಲ್ಲಿ ದಿನಗಟ್ಟಲೆ ಕೂರುತ್ತದೆ. ಉಳ್ಳವರ ಮನೆಯಲ್ಲಿ ಫಿಲ್ಟರ್ ಇರುತ್ತದೆ. ಇಲ್ಲದವರಿಗೆ ‘ಕುದಿಸಿ ಕುಡಿಯಿರಿ’ ಅನ್ನುತ್ತೇವೆ. ಕುದಿಸಲು ಗ್ಯಾಸ್ ಬೇಕು, ಸಿಲಿಂಡರಿಗೆ ದುಡ್ಡು ಬೇಕು. ಅಭ್ಯಾಸ ಅಂತ ಕರೆಯುವುದೂ ಕೊನೆಗೆ ಜೇಬಿಗೇ ಬಂದು ನಿಲ್ಲುತ್ತದೆ.

ಒಂದು ಎಚ್ಚರಿಕೆ. ಆ ವಾರ್ಡ್‌ಗಳನ್ನು ಚೀಟಿ ಎತ್ತಿ ಆರಿಸಿರಲಿಲ್ಲ, ಎರಡೂ ಕಡೆ ನೀರಲ್ಲದೆ ಬೇರೆ ವ್ಯತ್ಯಾಸಗಳೂ ಇದ್ದಿರಬಹುದು. ಹಾಗಾಗಿ ಉತ್ತರದಲ್ಲಿ ‘ಸಾಬೀತಾಯಿತು’ ಅಂತ ಬರೆಯಬೇಡಿ, ‘ಸಂಬಂಧ ಕಂಡುಬಂತು’ ಅಂದರೆ ಸಾಕು.