ಆನ್‌ಲೈನ್ ಖರೀದಿಯ ಪಾವತಿ: ಬೀಗದ ಚಿಹ್ನೆಯ ಆಚೆ ಗಮನಿಸಬೇಕಾದುದು

ಬ್ರೌಸರಿನ ವಿಳಾಸಪಟ್ಟಿಯಲ್ಲಿ ಬೀಗದ ಚಿಹ್ನೆ ಕಂಡರೆ ಹಣ ಕಟ್ಟಲು ಭಯವಿಲ್ಲವೆಂಬ ನಂಬಿಕೆಯನ್ನು ನಾವು ಮೊದಲು ಬಿಡಬೇಕು. ನಾವು ತುಂಬಿದ ವಿವರಗಳು ಗೂಢಲಿಪಿಯಲ್ಲಿ ಸಾಗುತ್ತವೆ, ದಾರಿಯಲ್ಲಿ ಬೇರೆಯವರು ಅವನ್ನು ಓದಲಾರರು ಎಂಬಷ್ಟನ್ನೇ ಆ ಚಿಹ್ನೆ ತಿಳಿಸುತ್ತದೆ. ಆ ತುದಿಯಲ್ಲಿರುವವನು ವ್ಯಾಪಾರಿಯೋ ವಂಚಕನೋ ಎಂಬುದು ಅದರಿಂದ ತಿಳಿಯುವುದಿಲ್ಲ. ಇದಕ್ಕೆ ಬೇಕಾದ ಪ್ರಮಾಣಪತ್ರ ಉಚಿತವಾಗಿಯೇ ಸಿಗುವುದರಿಂದ ನಕಲಿ ಅಂಗಡಿಗಳೂ ಅದನ್ನು ಪಡೆಯುತ್ತವೆ. ಚಿಹ್ನೆಯ ಅರ್ಥವನ್ನು ಜನರು ತಪ್ಪಾಗಿ ಗ್ರಹಿಸುತ್ತಿದ್ದಾರೆಂಬ ಕಾರಣಕ್ಕೇ ಕ್ರೋಮ್ ಬ್ರೌಸರ್ 2023ರಲ್ಲಿ ಬೀಗದ ಬದಲು ಬೇರೆ ಚಿಹ್ನೆಯನ್ನು ತಂದಿತು.

ಹಾಗಾಗಿ ವಿಳಾಸವನ್ನೇ ಓದುವುದನ್ನು ಕಲಿಯಬೇಕು. ಜಾಲತಾಣದ ಹೆಸರಿನಲ್ಲಿ ಒಡೆತನವನ್ನು ಸೂಚಿಸುವುದು ಬಲತುದಿಯ ಭಾಗ: ‘ಅಂಗಡಿ ಡಾಟ್ ಕೊಡುಗೆ ಡಾಟ್ ಕಾಮ್’ ಎಂದಿದ್ದರೆ ಅದು ‘ಕೊಡುಗೆ’ಯವರ ತಾಣ, ‘ಅಂಗಡಿ’ಯವರದಲ್ಲ.

ಒಟಿಪಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಅದನ್ನು ಫೋನಿನಲ್ಲಿ ಯಾರಿಗೂ ಹೇಳಬಾರದೆಂಬುದು ಬಹುಮಂದಿಗೆ ಗೊತ್ತು. ಆದರೆ ನಕಲಿ ಪುಟದಲ್ಲಿ ನಾವೇ ಅದನ್ನು ಬರೆದುಬಿಡುವ ಅಪಾಯ ಅಷ್ಟಾಗಿ ಗೊತ್ತಿಲ್ಲ. ನಾವು ಕಾರ್ಡಿನ ವಿವರ ತುಂಬಿದ ಕ್ಷಣದಲ್ಲೇ ವಂಚಕನು ಅದನ್ನು ಬೇರೊಂದು ನಿಜವಾದ ಅಂಗಡಿಯಲ್ಲಿ ಬಳಸುತ್ತಾನೆ, ಬ್ಯಾಂಕು ನಮಗೆ ಸಂಕೇತವನ್ನು ಕಳುಹಿಸುತ್ತದೆ, ಅದನ್ನು ನಾವು ಆ ಪುಟದಲ್ಲಿ ಬರೆದಾಗ ಅವನ ಖರೀದಿಗೆ ನಾವೇ ಒಪ್ಪಿಗೆ ಕೊಟ್ಟಂತಾಗುತ್ತದೆ. ಸಂದೇಶದಲ್ಲಿ ಮೊತ್ತವೂ ವ್ಯಾಪಾರಿಯ ಹೆಸರೂ ಇದ್ದರೆ, ಸಂಖ್ಯೆಗಿಂತ ಮೊದಲು ಅವೆರಡನ್ನೂ ಓದಿ. ಈ ಒಂದು ಅಭ್ಯಾಸವೇ ಎಷ್ಟೋ ವಂಚನೆಗಳನ್ನು ಕೊನೆಯ ಗಳಿಗೆಯಲ್ಲಿ ತಡೆಯಬಲ್ಲದು.

ಸಾಮಾನ್ಯವಾಗಿ ಕಾರ್ಡಿನ ಹಿಂಬದಿಯಲ್ಲಿರುವ ಸಿವಿವಿ ಎಂಬ ಭದ್ರತಾ ಸಂಖ್ಯೆಯನ್ನು ಪಾವತಿಯ ಅನುಮೋದನೆಯ ನಂತರ ವ್ಯಾಪಾರಿಗಳು ಉಳಿಸಿಕೊಳ್ಳುವಂತಿಲ್ಲವೆಂದು ಕಾರ್ಡ್ ಉದ್ಯಮದ ಪಿಸಿಐ ಡಿಎಸ್‌ಎಸ್ ನಿಯಮ ಹೇಳುತ್ತದೆ. ಆದ್ದರಿಂದ ಕಾರ್ಡಿನ ಎರಡೂ ಬದಿಯ ಚಿತ್ರ ಕಳುಹಿಸಿರೆಂದು ಕೇಳುವವರನ್ನು ನಂಬಬಾರದು. ಕಾರ್ಡ್ ಸಂಖ್ಯೆಯ ಬದಲಿಗೆ ಟೋಕನ್ ಎಂಬ ಬದಲಿ ಸಂಕೇತವನ್ನು ಬಳಸುವ ಸೌಲಭ್ಯವಿದ್ದರೆ ಅದನ್ನೇ ಆರಿಸಿಕೊಳ್ಳುವುದು ಲೇಸು; ಒಂದು ಅಂಗಡಿಗೆಂದು ಕೊಟ್ಟ ಟೋಕನ್ ಕಳುವಾದರೂ ಇನ್ನೊಂದು ಕಡೆ ನಡೆಯುವುದಿಲ್ಲ.

ಕೊಟ್ಟ ಹಣ ಮರಳುವ ದಾರಿಯಿದೆಯೇ ಎಂಬುದನ್ನೂ ಪಾವತಿಗೆ ಮೊದಲೇ ಯೋಚಿಸಬೇಕು. ಸಾಮಾನು ಬರದಿದ್ದರೆ ಕಾರ್ಡ್ ಪಾವತಿಯನ್ನು ಬ್ಯಾಂಕಿನ ಮೂಲಕ ಪ್ರಶ್ನಿಸುವ ಚಾರ್ಜ್‌ಬ್ಯಾಕ್ ವ್ಯವಸ್ಥೆಯಿದೆ, ಆದರೆ ಅದಕ್ಕೆ ಕಾಲಮಿತಿಯುಂಟು. ನಾವೇ ನೇರವಾಗಿ ಖಾತೆಗೆ ವರ್ಗಾಯಿಸಿದ ಹಣವನ್ನು ಹಿಂದೆ ತರಿಸುವುದು ಬಹಳ ಕಷ್ಟ. ರಿಯಾಯಿತಿಯ ಆಸೆ ತೋರಿಸಿ, ಮಾರಾಟತಾಣದ ಪಾವತಿಪುಟವನ್ನು ಬಿಟ್ಟು ತನ್ನ ಖಾತೆಗೇ ಹಣ ಹಾಕಲು ಒತ್ತಾಯಿಸುವವನು ನಮ್ಮಿಂದ ಕಸಿಯುತ್ತಿರುವುದು ಈ ರಕ್ಷಣೆಯನ್ನೇ. ಮೋಸವಾಗಿದೆಯೆಂಬ ಶಂಕೆ ಬಂದೊಡನೆ ಮೊದಲು ಕಾರ್ಡನ್ನು ಸ್ಥಗಿತಗೊಳಿಸಿ, ಬ್ಯಾಂಕಿಗೆ ತಿಳಿಸಿ. ಮಾರಾಟಗಾರನೊಡನೆ ವಾದ ಆಮೇಲೆ. ಆದೇಶದ ಪುಟ, ರಸೀದಿ ಮತ್ತು ಸಂದೇಶಗಳ ಪ್ರತಿಗಳನ್ನು ಅಳಿಸದೆ ಇಟ್ಟುಕೊಂಡಿದ್ದರೆ ದೂರಿಗೆ ಅವೇ ಆಧಾರವಾಗುತ್ತವೆ.